ಪಾಸ್ ಇದ್ಯಾ ಅಂತ ಇನ್ನೊಂದ್ಸಲ ಕೇಳ್ಬೇಡಿ

ಹಾಸನದಲ್ಲಿ ಒಳ್ಳೆ ನಾಟಕಾನೇ ಆಗಲ್ಲ, ನೋಡ್ಬೇಕಂದ್ರೆ ಮೈಸೂರಿಗೋ ಬೆಂಗಳೂರಿಗೋ ಹೋಗ್ಬೇಕು ಅಂತ ಗೊಣಗ್ತಾ ಇರೋರಿಗೆ ಈ ಪೋಸ್ಟು. ಆಗುತ್ತೆ ಕಣ್ರೀ, ನೀವು ಬರಲ್ಲ ಅಷ್ಟೇ.

ನಮ್ ತಂಡದಲ್ಲಿ ನಾಟಕಾನೇ ನಂಬ್ಕೊಂಡು ಬದುಕೋರು ಒಬ್ರೂ ಇಲ್ಲ. ಒಬ್ರು ಹೈಸ್ಕೂಲ್ ಮೇಡಂ, ಒಬ್ಬ ಗೊಬ್ಬರದ ಅಂಗಡೀಲಿ ಕೆಲಸ ಮಾಡೋ ಹುಡುಗ, ಇನ್ನೊಬ್ಬ ಹೊಳೆನರಸೀಪುರದಿಂದ ಬಂದು ರಿಹರ್ಸಲ್ ಮುಗಿಸಿ ಲಾಸ್ಟ್ ಬಸ್ಸಿಗೆ ಓಡೋನು. ಹಾಲ್ ಬಾಡಿಗೆ, ಲೈಟು, ಸೌಂಡು, ಮೇಕಪ್ಪು, ಎಲ್ಲಾರ ಊಟ, ಎಲ್ಲಾ ಕೈಯಿಂದಾನೇ ಹಾಕಿದ್ದು. ಟಿಕೆಟ್ಟು ಬರೀ 100 ರೂಪಾಯಿ. ಗ್ರೂಪಲ್ಲಿ ಪೋಸ್ಟರ್ ಹಾಕಿದ್ರೆ ಚಪ್ಪಾಳೆ, ಹೂವು, ಆಲ್ ದ ಬೆಸ್ಟು, "ರಂಗಭೂಮಿ ಉಳೀಬೇಕು ಸರ್" ಅಂತೆಲ್ಲ ಬರುತ್ತೆ, ಆಮೇಲೆ ಅದೇ ಜನ ಪರ್ಸನಲ್ಲಾಗಿ ಮೆಸೇಜ್ ಹಾಕೋದು, ಪಾಸ್ ಇದ್ಯಾ, ಫ್ಯಾಮಿಲಿಗೆ ನಾಲ್ಕು ಬೇಕಿತ್ತು ಅಂತ. ಹೋದ ಶೋಗೆ ಸರಿ ಅಂತ ಪುಕ್ಕಟೆ ಪಾಸ್ ಕೊಟ್ಟು ಮುಂದಿನ ಸಾಲೆಲ್ಲ ಅವರಿಗೇ ಇಟ್ಟಿದ್ವಿ. ಬಂದೇ ಇಲ್ಲ! ದುಡ್ಡು ಕೊಟ್ಟು ಬಂದೋರು ಹಿಂದೆ ಕೂತಿದ್ರು, ಸ್ಟೇಜ್ ಮೇಲಿಂದ ನಮಗೆ ಕಾಣ್ತಿದ್ದಿದ್ದು ಖಾಲಿ ಕುರ್ಚಿ.

ಇನ್ನು ಅತಿಥಿಗಳು. ಶಾಲು, ಹಾರ, ಪೇಟ, ಭಾಷಣ, ಅದ್ರಲ್ಲೂ "ಇವತ್ತಿನ ಯುವಜನ ಮೊಬೈಲ್ ಬಿಟ್ಟು ನಾಟಕ ನೋಡ್ಬೇಕು" ಅಂತ ಉದ್ದಕ್ಕೆ ಮಾತಾಡಿ, ಪರದೆ ಹಿಂದೆ ಬಣ್ಣ ಹಚ್ಕೊಂಡು ಬೆವರ್ತಾ ನಿಂತಿರೋರ ಪರಿವೇ ಇಲ್ಲದೆ ಮುಕ್ಕಾಲು ಗಂಟೆ ತಿಂದು, ನಾಟಕ ಶುರುವಾಗೋ ಮೂರನೇ ಬೆಲ್ ಹೊಡೆಯೋಷ್ಟರಲ್ಲಿ ಹಿಂಬಾಲಕರನ್ನೂ ಎಬ್ಬಿಸ್ಕೊಂಡು ಹೊರಟೇಬಿಟ್ರು. ಒಂದೇ ಒಂದು ಸೀನ್ ನೋಡಕ್ಕೂ ಪುರುಸೊತ್ತಿಲ್ಲ ಅಂದ್ರೆ ಯಾಕ್ರೀ ಬರ್ತೀರ?

ಜನ ನಾಟಕ ನೋಡೋದು ಬಿಟ್ಟಿದ್ದಾರೆ, ಮೊಬೈಲ್ ಬಂತು ಅಂತ ಮಾತ್ರ ಹೇಳ್ಬೇಡಿ. ಇದೇ ಹಾಸನಾಂಬ ಕಲಾಕ್ಷೇತ್ರದಲ್ಲಿ ಹಳ್ಳಿಯೋರು ಕುರುಕ್ಷೇತ್ರ ಆಡ್ಲಿ, ಬಂದು ನೋಡಿ. ಪಾತ್ರ ಮಾಡೋರೇ ಕೈಯಿಂದ ದುಡ್ಡು ಹಾಕ್ತಾರೆ, ದೊಡ್ಡ ಪಾತ್ರಕ್ಕೆ ಹೆಚ್ಚು, ಹಾರ್ಮೋನಿಯಂ ಮೇಷ್ಟ್ರ ಹತ್ರ ತಿಂಗಳುಗಟ್ಟಲೆ ಕಂದಪದ್ಯ ಹಾಡೋದು ಕಲೀತಾರೆ, ಊರೋರು ಗಾಡಿ ಮಾಡ್ಕೊಂಡು ಬಂದು ನಮ್ ದುರ್ಯೋಧನ ಅಂತ ನೋಟಿನ ಹಾರ ಹಾಕಿ, ಒನ್ಸ್ ಮೋರ್ ಕೂಗಿ, ಬೆಳಗಿನ ಜಾವದ ತನಕ ಕದಲಲ್ಲ. ಅವರಿಗೆ ನನ್ ನಮಸ್ಕಾರ, ನಮ್ ಕಡೆ ನಾಟಕ ಉಳಿಸಿರೋರೇ ಅವರು. ನನ್ ಸಿಟ್ಟಿರೋದು ಓದಿಕೊಂಡಿರೋ, ಸಂಬಳ ಎಣಿಸೋ, ಸಂಸ್ಕೃತಿ ಬಗ್ಗೆ ಉದ್ದುದ್ದ ಸ್ಟೇಟಸ್ ಹಾಕೋ ನಮ್ ಟೌನಿನೋರ ಮೇಲೆ.

ನಾವು ಹವ್ಯಾಸಿಗಳು, ಕ್ವಾಲಿಟಿ ಇರಲ್ಲ ಅಂತೀರಾ? ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ, ಟ್ರೈನಿಂಗ್ ಆಗಿರೋ ಕಲಾವಿದರು ಸೆಟ್ಟು ಲೈಟು ಹೊತ್ಕೊಂಡು ಬರ್ತಾರೆ, ಅದಕ್ಕಾದ್ರೂ ಹೋಗ್ತೀರಾ? ಎರಡು ಕಾಫಿ ಒಂದು ಮಸಾಲೆ ದೋಸೆಗೆ ಬಿಲ್ ಎಷ್ಟು ಅಂತ ಕೇಳದೆ ಕೊಡೋರು ಟಿಕೆಟ್ ಕೌಂಟರಲ್ಲಿ ನಿಂತು "100 ಜಾಸ್ತಿ ಆಯ್ತು" ಅಂದಿದ್ದು ನನ್ ಕಿವಿಯಾರೆ ಕೇಳಿದೀನಿ.

ಮುಂದಿನ ಶೋಗೆ ಪಾಸೂ ಇಲ್ಲ, ಸಭಾ ಕಾರ್ಯಕ್ರಮಾನೂ ಇಲ್ಲ. ನಮ್ ಮನೆಯೋರೂ ಟಿಕೆಟ್ ತಗೊಂಡೇ ಬರ್ತಾರೆ. ಆರೂವರೆ ಅಂದ್ರೆ ಆರೂವರೆಗೆ ಶುರು ಮಾಡ್ತೀವಿ, ಹತ್ತೇ ಜನ ಇದ್ರೂ ಮಾಡ್ತೀವಿ.