"ಓಡುತ್ತಿಲ್ಲ" ಎಂದರೆ ಏನು ಮಾರಾಯರೇ?

ಆಷಾಢದ ಮಳೆಗೆ ಶಿರಸಿಯಲ್ಲಿ ಕರೆಂಟು ಹೋಗಿ, ಜಗಲಿಯ ಒಂದೇ ಮೂಲೆಯಲ್ಲಿ ಸಿಗುವ ನೆಟ್‌ವರ್ಕಿಗೆ ಮೊಬೈಲನ್ನು ಒಡ್ಡಿಕೊಂಡು ಕುಳಿತಿದ್ದಾಗ, ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಬಂದ ಸಂದೇಶ ಇಷ್ಟೇ: "ಅಣ್ಣಾ, ಪೈಥಾನ್ ಓಡುತ್ತಿಲ್ಲ, ಅರ್ಜೆಂಟು." ಪೈಥಾನ್ ಎಂದರೆ ಹೆಬ್ಬಾವಲ್ಲ, ಕಂಪ್ಯೂಟರಿಗೆ ಆದೇಶ ಬರೆಯುವ ಒಂದು ಭಾಷೆ. ಜೊತೆಗೆ ಕಂಪ್ಯೂಟರ್ ಪರದೆಯದೊಂದು ಫೋಟೊ. ಓರೆಯಾಗಿ ಹಿಡಿದು ತೆಗೆದ ಆ ಫೋಟೊದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ, ಪರದೆಯ ಧೂಳು, ತೆಗೆದವರ ಹೆಬ್ಬೆರಳು ಎಲ್ಲವೂ ಸ್ಪಷ್ಟವಾಗಿದ್ದವು. ದೋಷ ಯಾವುದೆಂದು ಪೈಥಾನೇ ಬರೆದು ತೋರಿಸುವ ಕೊನೆಯ ಸಾಲು ಮಾತ್ರ ಹೊರಗುಳಿದಿತ್ತು.

ಆ ಸಾಲನ್ನು ಕಳಿಸಿ ಎಂದರೆ, "ಏನೋ ಕೆಂಪಕ್ಷರ ಬಂದಿತ್ತು, ಮುಚ್ಚಿಬಿಟ್ಟೆ" ಎಂಬ ಉತ್ತರ. ತೋಟಕ್ಕೆ ಕೊಳೆ ಬಂದಿದೆಯೆನ್ನುವವರಾದರೂ ಉದುರಿದ ನಾಲ್ಕು ಅಡಿಕೆಯನ್ನು ಕೈಯಲ್ಲಿ ಹಿಡಿದು ಬರುತ್ತಾರಲ್ಲವೇ?

ಕೋಡನ್ನೇ, ಅಂದರೆ ಬರೆದ ಆದೇಶಗಳನ್ನೇ ಕಳಿಸಿ ಎಂದು ಬೇಡಿಕೊಂಡರೆ, ಸಾಲುಗಳ ಮುಂದಿನ ಖಾಲಿ ಜಾಗವನ್ನೆಲ್ಲ ಅಳಿಸಿ, ನಲವತ್ತು ಸಾಲನ್ನೂ ಎಡಗೋಡೆಗೆ ಒರಗಿಸಿ ಕಳಿಸುತ್ತಾರೆ. ಯಾವ ಸಾಲು ಯಾವುದರ ಒಳಗಿದೆಯೆಂಬುದನ್ನು ಆ ಜಾಗದಿಂದಲೇ ಅರಿಯುವ ಭಾಷೆಯಲ್ಲಿ ಹೀಗೆ ಮಾಡಿದರೆ, ನಾನೇನು ಕವಡೆ ಹಾಕಿ ನೋಡಬೇಕೇ? ಪ್ರಿಂಟ್ ಆದೇಶಕ್ಕೆ ಆವರಣ ಚಿಹ್ನೆಯೂ ಇಲ್ಲ, ಅದು ಹಳೆಯ ಪೈಥಾನ್ 2ರ ರೂಢಿ! ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ. ಇವರ ನೋಟ್ಸಿನಲ್ಲಿ ಮಾತ್ರ ಅದು ಚಿರಂಜೀವಿ.

ಎರಡು ತಾಸು ಸೊಳ್ಳೆಗಳಿಗೆ ರಕ್ತದಾನ ಮಾಡಿ, ಷರತ್ತು ಹೇಳುವ ಇಫ್ (if) ಸಾಲಿನ ಕೊನೆಯಲ್ಲಿ ಕೋಲನ್ (:) ಬಿಟ್ಟುಹೋಗಿರುವುದನ್ನು ಕಂಡುಹಿಡಿದು ನಾನು ವಿವರವಾಗಿ ಬರೆದಾಗ ಬಂದ ಮರುಸಂದೇಶ: "ಓ, ಅದು ಆಗಲೇ ಸರಿಯಾಯಿತು ಅಣ್ಣಾ." ಹೇಗೆ ಸರಿಯಾಯಿತು ಎಂದು ಕೇಳಿದೆ. ನೀಲಿ ಗೀಟು ಎರಡೂ ಬಿದ್ದಿವೆ, ಉತ್ತರ ಇನ್ನೂ ಬಂದಿಲ್ಲ.