ಸಾವಿನ ಸಿನಿಮಾವನ್ನು ಮನೆಮಂದಿಯೆಲ್ಲ ಕೂತು ನೋಡಬೇಕೇ?

ಪರ: ಅಮ್ಮ ಅವತ್ತು ‘ಬಿಡ್ತು ಅನ್ನು’ ಎನ್ನಲಿಲ್ಲ

ನಮ್ಮ ಮನೆಯಲ್ಲಿ ಯಾರಾದರೂ ಸಾವಿನ ಮಾತು ಎತ್ತಿದರೆ ಅಮ್ಮ ತಕ್ಷಣ ‘ಬಿಡ್ತು ಅನ್ನು’ ಎನ್ನುತ್ತಾರೆ. ನಾವು ‘ಬಿಡ್ತು’ ಅಂತೀವಿ. ಮಾತು ಅಲ್ಲಿಗೆ ಮುಗಿಯುತ್ತದೆ. ಅಪ್ಪನಿಗೆ ಈಗ 78. ಹೃದಯದ ತೊಂದರೆಯಿಂದ ಎರಡು ಸಲ ಐಸಿಯುಗೆ ಹೋಗಿ ಬಂದಿದ್ದಾರೆ. ಮೂರನೇ ಸಲ ಹೋಗುವ ಹಾಗಾದರೆ ಅವರಿಗೆ ಏನು ಬೇಕು, ಏನು ಬೇಡ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕೇಳೋದಾದರೂ ಹೇಗೆ? ಊಟಕ್ಕೆ ಕೂತಾಗ ‘ಅಪ್ಪಾ, ವೆಂಟಿಲೇಟರ್ ಹಾಕಿಸಬಹುದಾ’ ಅಂತ ಕೇಳೋಕಾಗುತ್ತಾ?

ಆ ಮಾತು ತಾನಾಗಿ ಬಂದದ್ದು ಒಂದು ಭಾನುವಾರ, ‘ಮುಕ್ತಿ ಭವನ್’ ನೋಡುತ್ತಿದ್ದಾಗ. ಶುಭಾಶಿಶ್ ಭೂತಿಯಾನಿ ನಿರ್ದೇಶಿಸಿದ 2016ರ ಹಿಂದಿ ಸಿನಿಮಾ. ಒಬ್ಬ ಹಿರಿಯರು ಮನೆಯವರಿಗೆ ‘ನನ್ನ ಕಾಲ ಬಂತು, ಕಾಶಿಗೆ ಹೋಗಬೇಕು’ ಎನ್ನುತ್ತಾರೆ. ಮಗ ಆಫೀಸಿನ ಕೆಲಸ ಬಿಟ್ಟು ಜೊತೆಗೆ ಹೊರಡುತ್ತಾನೆ. ಸಾಯಲೆಂದೇ ಜನ ಬಂದು ಇಳಿಯುವ ಆ ವಸತಿಯಲ್ಲಿ 15 ದಿನ ಇರಬಹುದು. ಮಗನ ಫೋನ್ ಸುಮ್ಮನಿರುವುದಿಲ್ಲ. ಅಪ್ಪನಿಗೆ ಸಾವು ಬರುವುದಿಲ್ಲ. ಸಿನಿಮಾ ಅರ್ಧ ಆಗಿತ್ತು. ನಮ್ಮಪ್ಪ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: ‘ನನಗೆ ಕಾಶಿ ಗೀಶಿ ಏನೂ ಬೇಡ. ಇದೇ ರೂಮಲ್ಲಿ, ಆ ಕಿಟಕಿ ಪಕ್ಕ ಹಾಸಿಗೆ ಹಾಕಿಕೊಡಿ, ಸಾಕು.’

ಅಮ್ಮ ಅಪ್ಪನ ಮುಖ ನೋಡಿದರು. ಏನೂ ಅನ್ನಲಿಲ್ಲ.

ನಾನು ಈ ಸಿನಿಮಾಗಳ ಪರ ನಿಲ್ಲುವುದು ಮುಖ್ಯವಾಗಿ ಇದಕ್ಕೇ. ಪರದೆಯ ಮೇಲೆ ಸಾಯುವವರು ಬೇರೆ ಮನೆಯವರು. ಅವರ ಬಗ್ಗೆ ಆಡಿದರೆ ಅಪಶಕುನ ಅನ್ನಿಸುವುದಿಲ್ಲ. ಅವರ ನೆಪದಲ್ಲಿ ನಮ್ಮ ಮಾತು ಹೊರಗೆ ಬರುತ್ತದೆ. ಒಬ್ಬೊಬ್ಬರೇ ಮೊಬೈಲಿನಲ್ಲಿ ನೋಡಿಕೊಂಡರೆ ಇದು ಆಗುವುದಿಲ್ಲ. ಪಕ್ಕದಲ್ಲಿ ಜನ ಇರಬೇಕು.

ಕುರೊಸಾವಾ ಅವರ ‘ಇಕಿರು’ 1952ರ ಜಪಾನಿನದು. ನನಗೆ ನಮ್ಮ ಬೀದಿಯದೇ ಕಥೆ ಅನ್ನಿಸಿತು. ವಾಟನಾಬೆ ಎಂಬ ವಯಸ್ಸಾದ ಸರ್ಕಾರಿ ನೌಕರನಿಗೆ ಹೊಟ್ಟೆಯ ಕ್ಯಾನ್ಸರ್. ಡಾಕ್ಟರು ‘ಸಣ್ಣ ಹುಣ್ಣು’ ಎನ್ನುತ್ತಾರೆ. ಆ ಮಾತಿನ ಅರ್ಥ ಏನು ಎಂದು ಹೊರಗೆ ಕಾಯುತ್ತಿದ್ದ ಇನ್ನೊಬ್ಬ ರೋಗಿ ಮೊದಲೇ ಹೇಳಿರುತ್ತಾನೆ. ವಾಟನಾಬೆಗೆ ಎಲ್ಲ ಗೊತ್ತಾಗುತ್ತದೆ. ಆದರೆ ಮಗನ ಹತ್ತಿರ ಹೇಳಿಕೊಳ್ಳಲಾಗದೆಯೇ ಹೋಗಿಬಿಡುತ್ತಾನೆ. ನಮ್ಮಲ್ಲೂ ಹೀಗೇ ಅಲ್ವಾ? ರಿಪೋರ್ಟು ಮಗನ ಕೈಯಲ್ಲಿರುತ್ತದೆ. ‘ಅವರಿಗೆ ಹೇಳಬೇಡಿ’ ಎಂದು ಕಾರಿಡಾರಿನಲ್ಲಿ ಪಿಸುಗುಟ್ಟುತ್ತೇವೆ. ಒಳಗೆ ಮಲಗಿದವರಿಗೆ ಎಲ್ಲ ತಿಳಿದಿರುತ್ತದೆ. ನಮಗೆ ನೋವಾಗದಿರಲಿ ಎಂದು ಅವರು ಸುಮ್ಮನಿರುತ್ತಾರೆ.

ಆಡದೆ ಉಳಿದ ಮಾತು ಎಷ್ಟು ದೂರ ಹೋಗಬಹುದು ಎಂದು ಕನ್ನಡದವರಿಗೆ ಬೇರೆ ಹೇಳಬೇಕಿಲ್ಲ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬೈಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅವರ ಮೇಲೆ ಹಲ್ಲೆ ನಡೆಯಿತು. 2015ರಲ್ಲಿ ತೀರಿಕೊಳ್ಳುವ ತನಕ ಅವರು ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅವರಿಗೆ ಏನು ಬೇಕಿತ್ತು ಎಂದು ಸುಪ್ರೀಂ ಕೋರ್ಟಿನಲ್ಲಿ ಬೇರೆಯವರು ವಾದ ಮಾಡಬೇಕಾಯಿತು. ನಮಗೆ ಈಗ ಒಂದು ದಾರಿ ಇದೆ. ನನ್ನ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ 2018ರಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಅದನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಆದರೆ ಕಾಗದದ ಮೇಲೆ ಬರೆಯುವ ಮೊದಲು ಮನೆಯಲ್ಲಿ ಮಾತು ಆಗಬೇಕು. ನಮ್ಮ ಮನೆಯಲ್ಲಿ ಅದು ಆ ಭಾನುವಾರ ಶುರುವಾಯಿತು. ಅಪ್ಪ ಮುಂದಿನ ತಿಂಗಳು ಬರೆದು ಸಹಿ ಹಾಕಿದರು.

ಮಕ್ಕಳನ್ನೂ ಹೊರಗಿಡಬಾರದು. ನಮ್ಮ ಅಜ್ಜಿ ಹೋದಾಗ ನನ್ನನ್ನು ಪಕ್ಕದ ಮನೆಗೆ ಕಳಿಸಿದ್ದರು. ಅಜ್ಜಿ ಊರಿಗೆ ಹೋದರು ಎಂದರು. ನಾನು ಎಷ್ಟೋ ದಿನ ಬಸ್ ಸ್ಟ್ಯಾಂಡ್ ಕಡೆ ನೋಡುತ್ತಿದ್ದೆ. 2022ರಲ್ಲಿ ‘777 ಚಾರ್ಲಿ’ ನೋಡಿ ನನ್ನ ಮಗ ಥಿಯೇಟರಿನಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಮನೆಗೆ ಬರುವ ದಾರಿಯಲ್ಲಿ ‘ತಾತನೂ ಸಾಯ್ತಾರಾ?’ ಎಂದು ಕೇಳಿದ. ಹೌದು ಎಂದೆ. ಅವನು ಅವತ್ತು ರಾತ್ರಿ ತಾತನ ಪಕ್ಕ ಮಲಗಿದ.

ವಿರೋಧ: ನನಗೆ ಗೊತ್ತಿದ್ದ ಸಾವು ಸಿನಿಮಾದ್ದು

ನಮ್ಮಮ್ಮ ಹೋಗಿ ಮೂರು ವರ್ಷ ಆಯಿತು. ಮನೆಯಲ್ಲೇ ಇರಬೇಕು ಎಂಬುದು ಅವರ ಆಸೆ. ಡಾಕ್ಟರೂ ಒಪ್ಪಿದ್ದರು. ಕೊನೆಯ ರಾತ್ರಿ ಅಮ್ಮನ ಗಂಟಲಿನಿಂದ ಗೊರಗೊರ ಸದ್ದು ಬರತೊಡಗಿತು. ಉಸಿರು ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ನಮ್ಮನ್ನು ನೋಡುತ್ತಿರಲಿಲ್ಲ. ನಾನು ಹೆದರಿದೆ. ಏನೋ ಹೆಚ್ಚುಕಮ್ಮಿ ಆಗಿದೆ, ತುಂಬಾ ಸಂಕಟ ಪಡುತ್ತಿದ್ದಾರೆ ಅಂದುಕೊಂಡೆ. ಆಂಬುಲೆನ್ಸ್ ಕರೆಸಿದೆ. ಅಮ್ಮ ಆಸ್ಪತ್ರೆ ಮುಟ್ಟುವ ಮೊದಲೇ, ಆಂಬುಲೆನ್ಸಿನಲ್ಲಿ ಹೋದರು.

ಸಾವು ಹತ್ತಿರ ಬಂದಾಗ ಉಸಿರು ಹಾಗೇ ಆಗುತ್ತದೆ, ಆ ಸದ್ದು ಸಹಜ, ಹೆಚ್ಚಾಗಿ ರೋಗಿಗೆ ಅದರ ಅರಿವೂ ಇರುವುದಿಲ್ಲ ಎಂದು ನನಗೆ ಆಮೇಲೆ ಒಬ್ಬ ನರ್ಸ್ ಹೇಳಿದರು. 50 ವರ್ಷದಲ್ಲಿ ನೂರಾರು ಸಿನಿಮಾ ಸಾವು ನೋಡಿದ್ದೆ. ಒಂದರಲ್ಲೂ ಆ ಸದ್ದು ಕೇಳಿರಲಿಲ್ಲ.

ಸಿನಿಮಾದಲ್ಲಿ ಸಾಯುವವರಿಗೆ ಮಾತಾಡಲು ಸಮಯ ಇರುತ್ತದೆ. 1971ರ ‘ಆನಂದ್’ ನೆನಪಿಸಿಕೊಳ್ಳಿ. ಆನಂದ್ ಹೋದ ಮೇಲೂ ಟೇಪ್ ರೆಕಾರ್ಡರಿನಿಂದ ಅವನ ದನಿ ಬರುತ್ತದೆ. ನಾನೂ ಆ ಸಿನಿಮಾ ನೋಡಿ ಅತ್ತವನೇ. ಅದನ್ನು ನೋಡಿ ಬೆಳೆದದ್ದಕ್ಕೋ ಏನೋ, ಅಮ್ಮ ಏನಾದರೂ ಹೇಳುತ್ತಾರೆ ಎಂದು ಮೂರು ದಿನ ಮಂಚದ ಪಕ್ಕ ಕಾದೆ. ಅಮ್ಮ ನನಗೆ ಕೊನೆಗೆ ಹೇಳಿದ್ದು ‘ಫ್ಯಾನ್ ಸ್ವಲ್ಪ ಕಮ್ಮಿ ಮಾಡು’ ಎಂದು. ಅದೇ ಕೊನೆಯ ಮಾತು ಎಂದು ಆಗ ಗೊತ್ತಾಗಲಿಲ್ಲ. ಎದ್ದು ಕಮ್ಮಿ ಮಾಡಿ ಬಂದು ಕೂತು, ಮತ್ತೆ ಕಾದೆ.

ಇನ್ನು ಕ್ಯಾನ್ಸರ್. ಶಂಕರ್ ನಾಗ್ ಅವರ ‘ಗೀತಾ’ 1981ರದು. ಹಾಡುಗಳು ಇವತ್ತಿಗೂ ಮನೆಮನೆಯಲ್ಲಿ ಕೇಳುತ್ತವೆ. ನಾಯಕಿಗೆ ರಕ್ತದ ಕ್ಯಾನ್ಸರ್, ಕೊನೆಗೆ ಸಾವು. ಆ ಕಾಲಕ್ಕೆ ಅದು ನಿಜಕ್ಕೆ ಹತ್ತಿರವೇ ಇತ್ತು. ಆದರೆ ನಮ್ಮ ತಲೆಯಲ್ಲಿ ಉಳಿದಿರುವುದು ಇವತ್ತಿಗೂ ಅದೇ. 2001ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಇಮಾಟಿನಿಬ್ ಎಂಬ ಮಾತ್ರೆ ಬಂತು. ದಿನಾ ಅದನ್ನು ನುಂಗಿ ವರ್ಷಗಟ್ಟಲೆ ಕೆಲಸಕ್ಕೆ ಹೋಗುವವರಿದ್ದಾರೆ. ಮಕ್ಕಳಲ್ಲಿ ಜಾಸ್ತಿ ಕಾಣುವ ಬಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ವಾಸಿಯಾಗುತ್ತದೆ. ಆದರೂ ಆ ಹೆಸರು ಕೇಳಿದ ಕೂಡಲೇ ‘ಮುಗೀತು’ ಎಂದು ಆಸ್ಪತ್ರೆ ಬಿಟ್ಟು ಹೊರಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ದೊಡ್ಡ ಆತಂಕ ಬೇರೆ. ಮನೆಯವರೆಲ್ಲ ಕೂತು ನೋಡುವಾಗ ಕಾಯಿಲೆಯವರೂ ಅಲ್ಲಿರುತ್ತಾರಲ್ಲ, ಅವರಿಗೆ ಏನು ಕೇಳಿಸುತ್ತದೆ? ಹಾನೆಕೆ ಅವರ ‘ಅಮೋರ್’ 2012ರಲ್ಲಿ ಕಾನ್ ಉತ್ಸವದ ಅತಿ ದೊಡ್ಡ ಪ್ರಶಸ್ತಿ ಪಡೆಯಿತು. ಪಾರ್ಶ್ವವಾಯು ಹೊಡೆದ ಹೆಂಡತಿಯನ್ನು ವಯಸ್ಸಾದ ಗಂಡ ಮನೆಯಲ್ಲೇ ನೋಡಿಕೊಳ್ಳುತ್ತಾನೆ. ಒಂದು ದಿನ ದಿಂಬಿನಿಂದ ಅವಳ ಉಸಿರು ನಿಲ್ಲಿಸುತ್ತಾನೆ. ದೊಡ್ಡ ಸಿನಿಮಾ, ಇಲ್ಲ ಎನ್ನಲಾರೆ. ಆದರೆ ಅದನ್ನು ಮಂಚ ಹಿಡಿದ ನಮ್ಮಮ್ಮನ ಮುಂದೆ ಹಾಕಲು ನನ್ನಿಂದ ಆಗುತ್ತಿತ್ತೇ? ‘ನಿಮಗೆಲ್ಲ ನಾನೇ ಭಾರ’ ಎಂದು ಅವರು ಮೊದಲೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು.

‘ನನಗೆ ಸಾಕು’ ಎನ್ನುವ ಹಿರಿಯರ ಮಾತು ನಮಗೆ ಬೇಗ ಕೇಳಿಸುತ್ತದೆ. ‘ನನಗೆ ಇನ್ನೂ ಬದುಕಬೇಕು, ಖರ್ಚಾದರೂ ಚಿಕಿತ್ಸೆ ಕೊಡಿಸಿ’ ಎನ್ನುವ ಆಸೆ ಇದ್ದವರು ಅಂಥ ಸಿನಿಮಾ ಮುಗಿದ ಮೇಲೆ ಆ ಕೋಣೆಯಲ್ಲಿ ಬಾಯಿ ಬಿಡುತ್ತಾರಾ? ಒಪ್ಪಿಕೊಂಡು ಹೊರಡುವವರನ್ನೇ ಸಿನಿಮಾ ಚಂದ ಮಾಡಿ ತೋರಿಸುತ್ತದೆ. ಮಕ್ಕಳು, ಸೊಸೆ, ಮೊಮ್ಮಕ್ಕಳು ಸುತ್ತ ಕೂತು ಕಣ್ಣೊರೆಸಿಕೊಳ್ಳುತ್ತಿರುವಾಗ ಬೇರೆ ಮಾತು ಆಡಲು ಧೈರ್ಯ ಬೇಕು.

ರಾಮ್ ರೆಡ್ಡಿ ಅವರ ‘ತಿಥಿ’ ಒಂದರ ಮೇಲೆ ನನಗೆ ಈ ದೂರು ಇಲ್ಲ. ಮಂಡ್ಯದ ನೊದೆಕೊಪ್ಪಲಿನಲ್ಲಿ, ಹಳ್ಳಿಯವರೇ ನಟಿಸಿದ 2015ರ ಚಿತ್ರ. 101 ವರ್ಷದ ಸೆಂಚುರಿ ಗೌಡ ಶುರುವಿನಲ್ಲೇ ಸಾಯುತ್ತಾರೆ. ಉಳಿದದ್ದೆಲ್ಲ 11 ದಿನದ ತಯಾರಿ, ಜಮೀನು, ಊಟ. ಮೊಮ್ಮಗ ಜಮೀನಿಗಾಗಿ ಬದುಕಿರುವ ತನ್ನ ಅಪ್ಪನನ್ನೇ ಕಾಗದದಲ್ಲಿ ಸಾಯಿಸಲು ಓಡಾಡುತ್ತಾನೆ. ಅದರಲ್ಲಿ ಕಣ್ಣೀರು ತರಿಸುವ ಹಟ ಇಲ್ಲ. ಆದರೆ ಅದು ಸತ್ತ ಮೇಲಿನ ಕಥೆ. ಸಾಯುವುದು ಹೇಗಿರುತ್ತದೆ ಎಂದು ಅದೂ ಹೇಳುವುದಿಲ್ಲ.

ಅದನ್ನು ಹೇಳಬಲ್ಲವರು ನಮ್ಮ ಸುತ್ತ ಇದ್ದಾರೆ. ಬೆಂಗಳೂರಿನ ‘ಕರುಣಾಶ್ರಯ’ದಲ್ಲಿ 1999ರಿಂದ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ನೋವಿಗೆ ಮಾರ್ಫಿನ್ ಎಷ್ಟು, ಹುಣ್ಣಾಗದ ಹಾಗೆ ಹೊರಳಿಸಿ ಮಲಗಿಸುವುದು ಹೇಗೆ, ಊಟ ಬೇಡ ಎಂದಾಗ ಯಾಕೆ ಬಲವಂತ ಮಾಡಬಾರದು ಎಂಬುದನ್ನು ಇಂಥ ಕಡೆ ಕೆಲಸ ಮಾಡುವ ನರ್ಸ್‌ಗಳು ದಿನಾ ಕಾಣುತ್ತಾರೆ. ಎರಡು ಗಂಟೆ ಸಿನಿಮಾ ನೋಡುವ ಮನೆಯವರು ಅಂಥ ಒಬ್ಬರ ಹತ್ತಿರ ಅರ್ಧ ಗಂಟೆ ಕೂತು ಕೇಳಲಿ. ನಾನು ಕೇಳಿದ್ದರೆ ಅಮ್ಮ ಮನೆಯಲ್ಲೇ ಹೋಗುತ್ತಿದ್ದರು.

ಈಗ ನಮ್ಮ ಚಿಕ್ಕಮ್ಮ ಮಂಚದ ಮೇಲಿದ್ದಾರೆ. ಸಂಜೆ ಅವರು ಕೇಳಿದರೆ ರಾಜಕುಮಾರ್ ಅವರ ಹಳೆಯ ಹಾಡು ಹಾಕುತ್ತೇವೆ. ವಾರಕ್ಕೊಮ್ಮೆ ಮನೆಗೆ ಬರುವ ನರ್ಸ್, ತುಟಿ ಒಣಗಿದಾಗ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸುವುದನ್ನು ಕಲಿಸಿಕೊಟ್ಟರು. ಮೊದಲು ನಾನು ಕಲಿತೆ. ಈ ವಾರ ನನ್ನ ಮಗಳೂ ಕಲಿತಳು.