ಕೇಳೋದಕ್ಕೆ ಬೆಂಗಳೂರೂ ಸಾಕಿತ್ತು

ಫೆಬ್ರವರಿ 13 ಬಂತು ಅಂದ್ರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ತಪ್ಪದೇ ಬರುತ್ತದೆ. ವಿಶ್ವ ರೇಡಿಯೋ ದಿನದ್ದು. ಅರಮನೆಯ ಫೋಟೋ, ಹಳೇ ರೇಡಿಯೋ ಪೆಟ್ಟಿಗೆಯ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ "ದೇಶಕ್ಕೆ ಆಕಾಶವಾಣಿ ಅನ್ನೋ ಹೆಸರು ಕೊಟ್ಟಿದ್ದು ನಮ್ಮ ಮೈಸೂರು" ಅಂತ. ಹತ್ತು ಜನ ಕೈ ಮುಗಿಯುತ್ತಾರೆ. ನಾನೂ ಮುಗಿಯುತ್ತಿದ್ದೆ. ಈ ಸಲ ಮುಗಿಯಲಿಲ್ಲ. ಯಾಕಪ್ಪಾ ಅಂತ ಚಿಕ್ಕಪ್ಪ ಫೋನ್ ಮಾಡಿ ಕೇಳಿದರು. ಗುಂಪಿನಲ್ಲಿ ಬರೆದರೆ ಜಗಳ ಆಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಫಾರ್ವರ್ಡ್ ಸುಳ್ಳಲ್ಲ. 1935ರ ಸೆಪ್ಟೆಂಬರ್ 10ರಂದು ಎಂ.ವಿ. ಗೋಪಾಲಸ್ವಾಮಿ ಅನ್ನುವವರು ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಮನೆಯ ಹೆಸರು ವಿಠ್ಠಲ ವಿಹಾರ. ಈಗಿನ ಆಕಾಶವಾಣಿ ಕಟ್ಟಡಕ್ಕೆ ಕೂಗಳತೆ ದೂರ. ಅವರು ಇಂಜಿನಿಯರ್ ಅಲ್ಲ, ವ್ಯಾಪಾರಿಯೂ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅನ್ನೋ ಹೆಸರಾಂತ ಮನಃಶಾಸ್ತ್ರಜ್ಞರ ಹತ್ತಿರ ಕಲಿತು ಬಂದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಬೇರೂರಿದ್ದು ಅವರಿಂದ. ಅಂಥವರಿಗೆ ಈ ರೇಡಿಯೋ ಹುಚ್ಚು.

ಟ್ರಾನ್ಸ್‌ಮಿಟರ್ 30 ವ್ಯಾಟಿನದು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಬಚ್ಚಲುಮನೆಯಲ್ಲಿ ಉರಿಯುತ್ತಿದ್ದ ಹಳದಿ ಬಲ್ಬೇ 40 ವ್ಯಾಟ್ ಇತ್ತು. ಮುಂದೆ ಧಾರವಾಡ ಆಕಾಶವಾಣಿಗೆ ಬಂದ ಟ್ರಾನ್ಸ್‌ಮಿಟರ್ 200 ಕಿಲೋವ್ಯಾಟ್, ಅಂದರೆ ಇದರ ಆರು ಸಾವಿರ ಪಟ್ಟಿಗಿಂತ ಜಾಸ್ತಿ. ಬಚ್ಚಲಿನ ಬಲ್ಬಿಗಿಂತ ಕಮ್ಮಿ ಶಕ್ತಿಯಲ್ಲಿ ಒಬ್ಬ ಮೇಷ್ಟ್ರು ಒಂದು ಊರನ್ನು ಮಾತಾಡಿಸಲು ಹೊರಟರು. ನಗು ಬರುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ಆಗ ನಮ್ಮಲ್ಲಿ ಎಫ್‌ಎಂ ಅನ್ನೋದು ಇರಲಿಲ್ಲ. ಇದ್ದದ್ದೆಲ್ಲ ಎಎಂ. ಒಂದೇ ಸಮನೆ ಹರಿಯುವ ಒಂದು ಅಲೆ, ಅದರ ಎತ್ತರವನ್ನು ನಮ್ಮ ದನಿಗೆ ತಕ್ಕಂತೆ ಏರಿಸಿ ಇಳಿಸುವುದು, ಅಷ್ಟೇ ಅದರ ಗುಟ್ಟು. ಎಲ್ಲೋ ಮಿಂಚಿದರೆ, ಪಕ್ಕದ ಮನೆಯಲ್ಲಿ ಸ್ವಿಚ್ ಒತ್ತಿದರೆ ಅದೂ ಅಲೆಯ ಎತ್ತರವನ್ನು ಅಲ್ಲಾಡಿಸುತ್ತದೆ. ಅದಕ್ಕೇ ಆ ಗೊರಗೊರ. ಆದರೆ ಎಎಂ ಹಿಡಿಯಲು ದೊಡ್ಡ ಯಂತ್ರ ಬೇಡ. ಸ್ಟೇಷನ್ ಹತ್ತಿರದಲ್ಲಿದ್ದರೆ ಒಂದು ಸುರುಳಿ ತಂತಿ, ಒಂದು ಹರಳು, ಕಿವಿಗೊಂದು ಇಯರ್‌ಫೋನ್ ಸಾಕು. ಸೆಲ್ಲೂ ಬೇಡ, ಕರೆಂಟೂ ಬೇಡ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹೆಸರಿನ ಜಗಳವನ್ನು ಬೇಗ ಮುಗಿಸುತ್ತೇನೆ. ಕೆಲವರು ಗೋಪಾಲಸ್ವಾಮಿಯವರೇ ಇಟ್ಟರು ಅನ್ನುತ್ತಾರೆ. ಕೆಲವರು ಅವರ ಜೊತೆಗಿದ್ದ ನಾ. ಕಸ್ತೂರಿ ಇಟ್ಟರು ಅನ್ನುತ್ತಾರೆ. ಅದೇ ಹಾಸ್ಯ ಬರಹಗಾರ ಕಸ್ತೂರಿ, ಮುಂದೆ ಪುಟ್ಟಪರ್ತಿ ಸೇರಿದವರು. ಬಂಗಾಳದವರು ರವೀಂದ್ರನಾಥ ಟಾಗೋರರ ಕವಿತೆ ತೆಗೆದು ತೋರಿಸುತ್ತಾರೆ, ಆದರೆ ಅದು ನಮ್ಮ 1935ರ ಆಮೇಲಿನದು. ಪದವಂತೂ ಯಾರಪ್ಪನ ಮನೆ ಆಸ್ತಿಯೂ ಅಲ್ಲ. ದೇವಕಿಯ ಎಂಟನೇ ಮಗ ನಿನ್ನನ್ನು ಕೊಲ್ಲುತ್ತಾನೆ ಅಂತ ಕಂಸನಿಗೆ ಕೇಳಿಸಿದ್ದೂ ಆಕಾಶವಾಣಿಯೇ. ಆ ಕಾಲಕ್ಕೆ ಲೈಸೆನ್ಸ್ ಇರಲಿಲ್ಲ ಅಷ್ಟೆ!

ಈಗ ಆ ಹೆಸರು ಎಲ್ಲಿಗೆ ಹೋಗಿದೆ ನೋಡಿ. 1950ರ ದಶಕದಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ತೆಗೆದುಕೊಂಡಿತು. 2023ರ ಮೇ ತಿಂಗಳಲ್ಲಿ ಅದನ್ನು ನಡೆಸುವ ಪ್ರಸಾರ ಭಾರತಿ ಇಂಗ್ಲಿಷಿನಲ್ಲೂ ಇನ್ನು ಮುಂದೆ ಆಕಾಶವಾಣಿ ಅಂತಲೇ ಹೇಳಿ ಅಂದಿತು. ಹೆಸರು ಪೂರ್ತಿ ಗೆದ್ದಿತು. ಆದರೆ ಹೆಸರಿಟ್ಟ ಸ್ಟೇಷನ್ ಏನಾಯಿತು? ಫಾರ್ವರ್ಡ್‌ನಲ್ಲಿ ಅದು ಇರೋದಿಲ್ಲ.

ಗೋಪಾಲಸ್ವಾಮಿ ಕೆಲವು ವರ್ಷ ಹೇಗೋ ನಡೆಸಿದರು. 30 ವ್ಯಾಟ್ ಹೋಗಿ 250 ವ್ಯಾಟಿನದು ಬಂತು. ನಲವತ್ತರ ದಶಕದ ಶುರುವಿನಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದ ಆಲ್ ಇಂಡಿಯಾ ರೇಡಿಯೋ ಕೇಂದ್ರಗಳು ಬರೀ ಆರು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ತಿರುಚಿರಾಪಳ್ಳಿ, ಲಖನೌ. ಕನ್ನಡದ ನೆಲದಲ್ಲಿ ಒಂದೂ ಇಲ್ಲ. ಸಂಸ್ಥಾನಗಳ ಕಡೆ ನೋಡಿದರೆ ಹೈದರಾಬಾದ್, ಔರಂಗಾಬಾದ್, ಬರೋಡ, ತಿರುವನಂತಪುರ, ಮತ್ತೆ ನಮ್ಮ ಮೈಸೂರು. ಅಂದರೆ ಆಗ ಕನ್ನಡ ನಾಡಿನೊಳಗಿಂದ ಕನ್ನಡದಲ್ಲಿ ಮಾತಾಡುತ್ತಿದ್ದ ಸ್ಟೇಷನ್ ಇದೇ. 1950ರಲ್ಲಿ ಧಾರವಾಡ ಶುರುವಾಯಿತು. ಅದೇ ವರ್ಷ ಏಪ್ರಿಲ್ 1ಕ್ಕೆ ಮೈಸೂರು ಸ್ಟೇಷನ್ ಕೇಂದ್ರ ಸರ್ಕಾರದ ಕೈಗೆ ಹೋಯಿತು.

1955ರ ನವೆಂಬರಿನಲ್ಲಿ ಸ್ಟೇಷನ್ ಬೆಂಗಳೂರಿಗೆ ಹೋಯಿತು.

ಮತ್ತೆ ಮೈಸೂರಿಗೆ ಆಕಾಶವಾಣಿ ಬಂದದ್ದು 1974ರಲ್ಲಿ. ಹತ್ತೊಂಬತ್ತು ವರ್ಷ! ಈ ಹೆಸರು ಹುಟ್ಟಿದ ಊರಿನಲ್ಲಿ ಅಷ್ಟು ವರ್ಷ ಆ ಹೆಸರಿನ ಸ್ಟೇಷನ್ನೇ ಇರಲಿಲ್ಲ. ಇದು ನನಗೆ ಗೊತ್ತಾದದ್ದು ಕಾಲೇಜು ಮುಗಿದ ಮೇಲೆ. ಶಾಲೆಯಲ್ಲಿ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಬೆಂಗಳೂರಿಗೆ ಹೋದದ್ದು ಅನ್ಯಾಯ ಅಂತ ನಾನು ಕೂಗಾಡುತ್ತಿಲ್ಲ. ಲೆಕ್ಕ ಸರಿಯಾಗೇ ಇತ್ತು. ಅದು ರಾಜಧಾನಿ. ಜನ ಜಾಸ್ತಿ, ಕಲಾವಿದರು ಜಾಸ್ತಿ, ಹೊಸ ಟ್ರಾನ್ಸ್‌ಮಿಟರ್ ಹಾಕಿದರೆ ಮೈಸೂರಿಗೂ ಕೇಳಿಸುತ್ತದೆ. ಕೇಳಿಸಿತು ಕೂಡ. ನಮ್ಮ ತಾತನ ಮನೆ ಇದ್ದದ್ದು ಕೃಷ್ಣಮೂರ್ತಿಪುರಂನಲ್ಲಿ. ನಡುಮನೆಯ ಸ್ಟ್ಯಾಂಡಿನ ಮೇಲೆ ವಾಲ್ವ್ ರೇಡಿಯೋ, ಹೆಂಚಿನ ಮೇಲಕ್ಕೆ ಹೋದ ಏರಿಯಲ್ ತಂತಿ. ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ಲೈಸೆನ್ಸ್ ಕಟ್ಟುತ್ತಿದ್ದ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಬೆಂಗಳೂರು ಗಿರ್ರನೆ ಬರುತ್ತಿತ್ತಂತೆ. ರಾತ್ರಿಯಾದರೆ ಕೇಳೋದೇ ಬೇಡ. ಆಗಿನ ಎಎಂ ಸ್ಟೇಷನ್ನುಗಳು ಬರುತ್ತಿದ್ದ ಮೀಡಿಯಂ ವೇವ್ ಅಲೆಗಳು ಹಗಲಿನಲ್ಲಿ ನೆಲ ಹಿಡಿದು ಹೋಗುತ್ತವೆ, ಕತ್ತಲಾದ ಮೇಲೆ ಮೇಲಿನ ವಾಯುಪದರಕ್ಕೆ ತಾಗಿ ವಾಪಸು ಬಂದು ನೂರಾರು ಮೈಲಿ ಆಚೆ ಇಳಿಯುತ್ತವೆ. ಮುಳ್ಳು ಒಂದು ಕೂದಲೆಳೆ ಸರಿಸಿದರೆ ರೇಡಿಯೋ ಸಿಲೋನು, ಇನ್ನೊಂದು ಎಳೆ ಸರಿಸಿದರೆ ಯಾವುದೋ ಗೊತ್ತಿಲ್ಲದ ಭಾಷೆ. ಕೇಳುವವರಿಗೆ ಏನೂ ಕಮ್ಮಿಯಾಗಲಿಲ್ಲ.

ಕಮ್ಮಿಯಾದದ್ದು ನಮ್ಮತ್ತೆಗೆ.

ಅತ್ತೆ ಅಂದರೆ ಅಪ್ಪನ ಅಕ್ಕ. ಚೆನ್ನಾಗಿ ಹಾಡುತ್ತಿದ್ದರು. ಚೆನ್ನಾಗಿ ಅಂದರೆ ಮನೆಯವರು ಹೊಗಳುವಷ್ಟಲ್ಲ, ಬೀದಿಯವರು ಕಿಟಕಿ ತೆಗೆಯುವಷ್ಟು. 1962ರಲ್ಲಿ ಅವರಿಗೆ ಇಪ್ಪತ್ತು ವರ್ಷ. ಪಾಠ ಹೇಳಿಕೊಡುತ್ತಿದ್ದ ಮೇಷ್ಟ್ರೇ ರೇಡಿಯೋ ಆಡಿಷನ್‌ಗೆ ಅರ್ಜಿ ಹಾಕಿಸಿದರು. ಕಾಗದ ಬಂತು. ಇಂಥ ದಿನ, ಇಷ್ಟು ಹೊತ್ತಿಗೆ, ಬೆಂಗಳೂರಿಗೆ ಬನ್ನಿ ಅಂತ. ತಾತ ಕಾಗದ ಓದಿ, ಮಡಚಿ, ಪಂಚಾಂಗದೊಳಗೆ ಇಟ್ಟರಂತೆ. "ಹಾಡೋದಕ್ಕೆ ಬೆಂಗಳೂರ್ಗಂಟ ಯಾಕೆ ಹೋಗ್ಬೇಕು? ರಾತ್ರಿ ಯಾರ್ ಮನೇಲಿ ಇರ್ತೀಯ?" ಅಷ್ಟೇ ಮಾತು. ಸುಮಾರು 140 ಕಿಲೋಮೀಟರ್ ದಾರಿ. ಇವತ್ತು ಹೋಗಿ ಊಟ ಮಾಡಿಕೊಂಡು ಬರುತ್ತೇವೆ. ಆಗ ಒಬ್ಬ ಹುಡುಗಿಗೆ ಅದು ದಾಟಲಾಗದ ದೂರ.

ತಾತ ಕೆಟ್ಟವರಲ್ಲ. ಆ ಕಾಲದ ಎಷ್ಟು ಮನೆಗಳಲ್ಲಿ ಎಷ್ಟು ಕಾಗದಗಳು ಪಂಚಾಂಗದೊಳಗೆ ಹೋದವೋ. ಅದೇ ಸ್ಟೇಷನ್ ನಮ್ಮ ಮೈಸೂರಿನ ಯಾದವಗಿರಿಯಲ್ಲೇ ಇದ್ದಿದ್ದರೆ? ತಾತನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ, ಆಡಿಷನ್ ಮುಗಿಯೋ ತನಕ ಗೇಟಿನ ಹತ್ತಿರ ನಿಂತಿದ್ದು, ಸಂಜೆ ಕಾಫಿ ಹೊತ್ತಿಗೆ ವಾಪಸು ಕರೆದುಕೊಂಡು ಬರುತ್ತಿದ್ದರು.

ನಾನು ಹೇಳಬೇಕು ಅಂದುಕೊಂಡದ್ದು ಇದನ್ನೇ. ಕೇಳೋದಕ್ಕೆ ಯಾವ ಸ್ಟೇಷನ್ ಆದರೂ ನಡೆಯುತ್ತದೆ, ಸಿಲೋನಾದರೂ ಸರಿ. ಹಾಡೋದಕ್ಕೆ, ಮಾತಾಡೋದಕ್ಕೆ ಮಾತ್ರ ಹತ್ತಿರದ್ದೇ ಬೇಕು. ಸ್ಟೇಷನ್ ದೂರ ಹೋದಾಗ ಊರಿನ ಕಿವಿ ಹಾಗೇ ಇರುತ್ತದೆ, ಬಾಯಿ ಕಟ್ಟುತ್ತದೆ. ಯಾರೂ ದೂರು ಕೊಡೋದಿಲ್ಲ, ಯಾಕೆಂದರೆ ರೇಡಿಯೋ ಬರ್ತಾನೇ ಇದೆಯಲ್ಲ!

ಗೋಪಾಲಸ್ವಾಮಿಯವರ 30 ವ್ಯಾಟನ್ನು ನಾನು ದೊಡ್ಡದು ಅನ್ನೋದು ಅದಕ್ಕೆ. ಅದು ಎಷ್ಟು ದೂರ ಹೋಗುತ್ತಿತ್ತು ಅನ್ನೋದು ನನಗೆ ಮುಖ್ಯವಲ್ಲ. ಮೈಕು ಇದ್ದದ್ದು ಒಂದು ಮನೆಯಲ್ಲಿ. ನಡೆದುಕೊಂಡು ಹೋಗಿ ಮಾತಾಡಬಹುದಾದಷ್ಟು ಹತ್ತಿರದಲ್ಲಿ.

1974ರಲ್ಲಿ ಸ್ಟೇಷನ್ ವಾಪಸು ಬಂದಾಗ ಅತ್ತೆಗೆ ಮೂವತ್ತೆರಡು. ಮದುವೆಯಾಗಿರಲಿಲ್ಲ, ಸ್ಕೂಲ್ ಟೀಚರ್ ಆಗಿದ್ದರು. ಈ ಸಲ ಯಾರನ್ನೂ ಕೇಳಲಿಲ್ಲ. ಸುಗಮ ಸಂಗೀತಕ್ಕೆ ಆಡಿಷನ್ ಕೊಟ್ಟರು. ಮೊದಲನೇ ಸಲ ಆಗಲಿಲ್ಲ. ಎರಡನೇ ಸಲ ಬಿ ಗ್ರೇಡ್ ಬಂತು. ವರ್ಷಕ್ಕೆ ಕೆಲವು ಸಲ ಕಂದು ಬಣ್ಣದ ಲಕೋಟೆಯಲ್ಲಿ ಕಾಂಟ್ರ್ಯಾಕ್ಟ್ ಬರುತ್ತಿತ್ತು. ರೆಕಾರ್ಡಿಂಗ್ ದಿನ ಮೊಸರನ್ನ ಮುಟ್ಟುತ್ತಿರಲಿಲ್ಲ, ಗಂಟಲು ಕಟ್ಟುತ್ತೆ ಅಂತ. ಬಿ ಗ್ರೇಡ್ ಅಂದರೆ ಸಂಗೀತದವರ ಲೆಕ್ಕದಲ್ಲಿ ಕೆಳಗಿನ ಮೆಟ್ಟಿಲು. ನಮ್ಮ ಬೀದಿಯಲ್ಲಿ ಅದು ಎ ಗ್ರೇಡೇ.

ಇನ್ನು ಈಗಿನ ಮಾತು. ಮೈಸೂರು ಈಗ ಎಫ್‌ಎಂ, 100.6. ಕಾರಿನಲ್ಲಿ ಹಾಲಿನಂತೆ ಕೇಳಿಸುತ್ತದೆ. ಮೊಬೈಲ್ ಆ್ಯಪ್ ಹಾಕಿಕೊಂಡರೆ ಅಮೆರಿಕದಲ್ಲಿರುವ ನನ್ನ ತಂಗಿಯೂ ಕೇಳಬಹುದು. ದೇಶದಲ್ಲಿ ಎಷ್ಟೋ ಕಡೆ ಹಳೇ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚಿದ್ದಾರೆ. ಅದಕ್ಕೆ ಅಳುವವರ ಗುಂಪಿನಲ್ಲಿ ನಾನಿಲ್ಲ. ಆ ಯಂತ್ರಗಳು ಕರೆಂಟು ತಿನ್ನುತ್ತವೆ, ಬಿಡಿಭಾಗ ಸಿಗೋದಿಲ್ಲ, ಮನೆಯ ಎಲ್‌ಇಡಿ ಬಲ್ಬುಗಳ ಗಲಾಟೆಯಲ್ಲಿ ಎಎಂ ಸರಿಯಾಗಿ ಕೇಳಿಸೋದೂ ಇಲ್ಲ. ಹೋಗಲಿ ಬಿಡಿ. ನನ್ನ ಚಿಂತೆ ರಿಲೇದು. ಚಿಕ್ಕ ಊರಿನ ಸ್ಟೇಷನ್ನುಗಳಲ್ಲಿ ಊರಿನದ್ದು ಎಷ್ಟು ಹೊತ್ತು, ಬೇರೆ ಕಡೆಯಿಂದ ತಂದು ಹಾಕೋದು ಎಷ್ಟು ಹೊತ್ತು ಅಂತ ಒಂದು ದಿನ ಗಡಿಯಾರ ಇಟ್ಟುಕೊಂಡು ನೀವೇ ಕೇಳಿ. ಮೈಸೂರೊಂದೇ ಅಲ್ಲ, ಹಾಸನ, ಮಡಿಕೇರಿ, ಚಿತ್ರದುರ್ಗ, ಭದ್ರಾವತಿ, ನಿಮ್ಮ ಹತ್ತಿರ ಯಾವುದಿದೆಯೋ ಅದು. ಎಲ್ಲವನ್ನೂ ಒಂದೇ ಕಡೆಯಿಂದ ಕೊಟ್ಟರೆ ಖರ್ಚು ಉಳಿಯುತ್ತದೆ ಅನ್ನೋ ಮಾತು ಆಗಾಗ ಏಳುತ್ತದೆ. 1955ರ ಲೆಕ್ಕವೂ ಅದೇ ತರ ಸರಿಯಾಗಿತ್ತು.

ಈ ಕಾಲದಲ್ಲಿ ಹಾಡೋದಕ್ಕೆ ರೇಡಿಯೋ ಯಾಕೆ, ಯೂಟ್ಯೂಬ್ ಇದೆಯಲ್ಲ ಅಂತ ಮಗಳು ಕೇಳುತ್ತಾಳೆ. ಇದೆ. ಆದರೆ ಅಲ್ಲಿ ಅಕ್ಕಪಕ್ಕದ ಊರಿನವರು ಒಂದೇ ಹೊತ್ತಿನಲ್ಲಿ ಕೂತು ಕೇಳೋದಿಲ್ಲ. ಹುಣಸೂರಿನ ಕಡೆ ತಂಬಾಕು ಬೆಳೆಯುವವರು, ನಂಜನಗೂಡಿನ ಹಾಲಿನ ಡೈರಿಯವರು, ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಶೆಟ್ಟರು, ಇವರೆಲ್ಲ ಒಟ್ಟಿಗೆ ಅತ್ತೆಯ ಹಾಡು ಕೇಳಿ, ಮಾರನೇ ದಿನ ಬಸ್‌ಸ್ಟ್ಯಾಂಡಿನಲ್ಲಿ "ಮೇಡಮ್ಮೋರೆ, ನಿನ್ನೆ ನಿಮ್ದೇ ಅಲ್ವಾ?" ಅಂತ ಕೇಳುತ್ತಿದ್ದರಲ್ಲ, ಅದಕ್ಕೆ ಯಾವ ಆ್ಯಪ್ ಇದೆ? ಮಗಳು ಇನ್ನೂ ಉತ್ತರ ಕೊಟ್ಟಿಲ್ಲ, ಫೋನ್ ನೋಡುತ್ತಿದ್ದಾಳೆ.

ಈಗ ಆ ಹರಳಿನ ರೇಡಿಯೋಗೆ ಬರುತ್ತೇನೆ. ಎಂಬತ್ತರ ದಶಕದ ಶುರು. ನಾನು ಹೈಸ್ಕೂಲು. ಮೈಸೂರು ಸ್ಟೇಷನ್ ಆಗ ಮೀಡಿಯಂ ವೇವ್. ಹರಳಿನ ಬದಲು ಒಂದು ಜರ್ಮೇನಿಯಂ ಡಯೋಡ್, ಸ್ಟೇಷನ್ ಹೊಂದಿಸೋದಕ್ಕೆ ಒಂದು ಗ್ಯಾಂಗ್ ಕಂಡೆನ್ಸರ್, ಹಳೇ ಟಾರ್ಚಿನ ಕೊಳವೆಗೆ ಸುತ್ತಿದ ತಾಮ್ರದ ತಂತಿ. ಏರಿಯಲ್ಲಿಗೆ ಬಟ್ಟೆ ಒಣಗಿಸುವ ತಂತಿ, ಅರ್ತಿಂಗ್‌ಗೆ ಹಿತ್ತಲಿನ ನಲ್ಲಿ. ಯಾರೂ ನಂಬಿರಲಿಲ್ಲ. ಕೇಳಿಸಿತು! ಸೊಳ್ಳೆಯಷ್ಟು ಸಣ್ಣ ದನಿ, ಆದರೆ ಸ್ಪಷ್ಟ.

ಒಂದು ಸಂಜೆ ಅತ್ತೆಯ ಹಾಡು ಬರಬೇಕು, ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು. ನಡುಮನೆಯ ರೇಡಿಯೋ ಸತ್ತಿತು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು "ಹೋಗ್ಲಿ ಬಿಡು, ಏನ್ ಮಹಾ" ಅಂದರು. ನಾನು ಹಿತ್ತಲಿಗೆ ಓಡಿ ಇಯರ್‌ಫೋನ್ ಕಿವಿಗಿಟ್ಟೆ. ಬರುತ್ತಿದೆ! ಬರುತ್ತಿದೆ ಅಂತ ಕೂಗಿದ್ದೇ ತಪ್ಪಾಯಿತು. ತಾತ ಕೋಲೂರಿಕೊಂಡು ಬಂದು, ಮಾತಾಡದೆ ಕೈ ಚಾಚಿದರು. ಇಯರ್‌ಫೋನ್ ಇದ್ದದ್ದು ಒಂದೇ. ಕೊಟ್ಟೆ. ನಲ್ಲಿಯ ಪಕ್ಕದ ಒಗೆಯೋ ಕಲ್ಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಎರಡು ಹಾಡೂ ಪೂರ್ತಿ ಕೇಳಿದರು. ಉದ್ಘೋಷಕರು ಹೆಸರು ಹೇಳಿದ್ದನ್ನೂ ಕೇಳಿಸಿಕೊಂಡರು ಅನ್ನಿಸುತ್ತದೆ. ಆಮೇಲೆ ಎದ್ದು ಒಳಗೆ ಹೋಗುತ್ತಾ, ಬಾಗಿಲಲ್ಲಿದ್ದ ಅತ್ತೆಗೆ ಹೇಳಿದರು.

"ಎರಡನೇದು ಸ್ವಲ್ಪ ಓಡಿಸ್ಬಿಟ್ಟೆ ಕಣಮ್ಮ."

ಆ ಹಾಡುಗಳು ಯಾವುವು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಇಯರ್‌ಫೋನ್ ವಾಪಸು ಸಿಕ್ಕಾಗ ಪ್ರದೇಶ ಸಮಾಚಾರ ಬರುತ್ತಿತ್ತು.